ಗೊತ್ತಿರುವ ಪದಗಳೇ ಕೈಕೊಡುತ್ತವೆ

ನಮಸ್ಕಾರ. ಒಂದು ಪ್ರಶ್ನೆ. ಕಾಳಿದಾಸನ ಶಾಕುಂತಲಕ್ಕೆ ಎಷ್ಟು ಅಂಕ? 7. ಹತ್ತಕ್ಕೆ ಏಳಲ್ಲ ಮಾರಾಯ್ರೇ, ನಾಟಕದ ಏಳು ಭಾಗ!

ಶಾಕುಂತಲ ಓದಲು ಕೂತವರೆಲ್ಲ ಗೊಣಗುವುದು ಒಂದೇ: ಪದಗಳು ಕಷ್ಟ. ನಾನು ಒಪ್ಪುವುದಿಲ್ಲ. ‘ವಿಷ್ಕಂಭಕ’ ಕಂಡರೆ ಯಾರಾದರೂ ನಿಘಂಟು ತೆಗೆಯುತ್ತಾರೆ. ಅಂಕಗಳ ನಡುವೆ ಕಥೆಯ ಕೊಂಡಿ ಜೋಡಿಸುವ ಚಿಕ್ಕ ದೃಶ್ಯ ಅಂತ ತಿಳಿಯುತ್ತದೆ, ಮುಗೀತು. ಕೈಕೊಡುವುದು ಗೊತ್ತಿದೆ ಅಂದುಕೊಂಡ ಪದ.

ಮೊದಲ ಅಂಕ. ದುಷ್ಯಂತ ಬಾಣ ಹೂಡಿದ್ದಾನೆ. ನೇಪಥ್ಯದಿಂದ ಕೂಗು: ಇದು ಆಶ್ರಮದ ಮೃಗ, ಕೊಲ್ಲಬೇಡ! ಮೊದಲ ಸಲ ಓದಿದಾಗ ನನಗೆ ಗಾಬರಿ. ಋಷಿಗಳು ಹುಲಿ ಸಾಕುತ್ತಿದ್ದರಾ? ನಮಗೆ ಮೃಗ ಅಂದರೆ ಕ್ರೂರಮೃಗ. ಇಲ್ಲಿ ಅದು ಜಿಂಕೆ. ‘ಮೃಗನಯನಿ’ ಅನ್ನುವ ಮಾತು ಗೊತ್ತಿದ್ದರೂ ಹೊಳೆಯಲಿಲ್ಲ. ಹುಲಿ ಕಣ್ಣಿನವಳೇ ಅಂತ ಯಾರಾದರೂ ಹೊಗಳುತ್ತಾರಾ?

ನೇಪಥ್ಯವೂ ಹಾಗೇ. ರಾಜಕಾರಣಿ ನೇಪಥ್ಯಕ್ಕೆ ಸರಿದರು ಅಂತ ಪತ್ರಿಕೆಗಳು ಬರೆಯುತ್ತವೆ. ನಾಟಕದಲ್ಲಿ ಅದು ಪರದೆಯ ಹಿಂದೆ ವೇಷ ಕಟ್ಟುವ ಜಾಗ. ದುರ್ವಾಸರ ಶಾಪ ಕೇಳಿಸುವುದೂ ಅಲ್ಲಿಂದಲೇ. ಆ ಮಹಾನುಭಾವರು ರಂಗಕ್ಕೆ ಕಾಲಿಡುವುದೇ ಇಲ್ಲ! ಇನ್ನು ಸೂತ್ರಧಾರ, ಪಾಪ, ನಾಟಕ ಶುರು ಮಾಡಿಸುವವನು. ಟಿವಿಯವರು ಅವನನ್ನು ಕೊಲೆ ಕೇಸಿಗೆ ಸೇರಿಸಿಬಿಟ್ಟಿದ್ದಾರೆ.

ನನಗೆ ತುಂಬಾ ಇಷ್ಟವಾದವನು ಕಂಚುಕಿ. ಕಂಚುಕ ಅಂದರೆ ಕುಪ್ಪಸ ಅಲ್ವಾ, ಹಾಗಾಗಿ ಇವಳು ಯಾರೋ ಹೆಂಗಸು ಅಂತ ಓದುತ್ತಾ ಹೋಗಿದ್ದೆ. ನೋಡಿದರೆ ಅಂತಃಪುರದ ವಯಸ್ಸಾದ ಅಧಿಕಾರಿ. ಐದನೆಯ ಅಂಕದಲ್ಲಿ ಬಂದು ಕೊರಗುತ್ತಾನೆ: ಆಗ ಪದ್ಧತಿಗೆ ಅಂತ ಹಿಡಿದ ಬೆತ್ತ, ಈಗ ತಡವರಿಸುವ ಕಾಲಿಗೆ ಊರುಗೋಲಾಗಿದೆ. ಆಮೇಲೆ ಆ ಪದವನ್ನು ನಾನು ಮರೆತಿಲ್ಲ. ಪುಸ್ತಕದ ಕೊನೆಯ ಪದಾರ್ಥದ ಪಟ್ಟಿಯನ್ನು ಸುಮ್ನೆ ಉರು ಹೊಡೆಯಿರಿ, ‘ಕಂಚುಕಿ, ಅಂತಃಪುರದ ಅಧಿಕಾರಿ’ ಅಂತ ಬಾಯಿಗೆ ಬರುತ್ತದೆ. ಆದರೆ ಬೆತ್ತ ಊರಿಕೊಂಡು ಬರುವ ಆ ಮುದುಕ ಬರುವುದಿಲ್ಲ. ಅದಕ್ಕೇ ಆ ಪಟ್ಟಿಗಳನ್ನು ಕಂಡರೆ ನನಗಾಗುವುದಿಲ್ಲ.

ಹೆಸರನ್ನೇ ನೋಡಿ. ಅಭಿಜ್ಞಾನಶಾಕುಂತಲ. ಅಭಿಜ್ಞಾನ ಅಂದರೆ ದೊಡ್ಡ ಜ್ಞಾನ ಅಂತ ಪರೀಕ್ಷೆಯಲ್ಲಿ ಬರೆದವನು ನಾನು. ಆ ಅಂಕ ಹೋಯಿತು, ಬಿಡಿ. ಅಭಿಜ್ಞಾನ ಅಂದರೆ ಗುರುತು. ನೀರಿಗೆ ಜಾರಿ, ಮೀನಿನ ಹೊಟ್ಟೆ ಸೇರಿ, ಬೆಸ್ತನ ಕೈಗೆ ಸಿಕ್ಕ ಆ ಉಂಗುರ. ಕಾಳಿದಾಸ ಗುಟ್ಟನ್ನು ಹೆಸರಿನಲ್ಲೇ ಬಿಟ್ಟುಕೊಟ್ಟಿದ್ದ. ನನಗೆ ಗೊತ್ತಾಗಿದ್ದು ಆರನೆಯ ಅಂಕಕ್ಕೆ.