ಕ್ಯಾಟಲಾಗಿನಲ್ಲಿ ಪುಸ್ತಕ ಸಿಗುತ್ತಿಲ್ಲವೇ? ಹೀಗೆ ಹುಡುಕಿ

(ಪರದೆ: ಗ್ರಂಥಾಲಯದ ಕ್ಯಾಟಲಾಗ್, ಖಾಲಿ ಸರ್ಚ್ ಬಾಕ್ಸ್)

ನಮಸ್ಕಾರ. ‘ಮುಂಬೈಯಲ್ಲಿ ಯಕ್ಷಗಾನ’ ನಿಮ್ಮ ಪಿಎಚ್‌ಡಿ ವಿಷಯ ಎಂದಿಟ್ಟುಕೊಳ್ಳಿ. ಅದನ್ನೇ ಇಡಿಯಾಗಿ ಟೈಪ್ ಮಾಡಿದರೆ ಬಹುಶಃ ಏನೂ ಬರುವುದಿಲ್ಲ. ಪುಸ್ತಕ ಇಲ್ಲವೆಂದಲ್ಲ. ಕ್ಯಾಟಲಾಗ್ ಪುಸ್ತಕದ ಒಳಪುಟ ಓದುವುದಿಲ್ಲ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ವಿಷಯ, ಇಷ್ಟನ್ನೇ ನೋಡುತ್ತದೆ. ಕೊಟ್ಟ ಪದಗಳೆಲ್ಲ ಒಂದೇ ದಾಖಲೆಯಲ್ಲಿ ಇರಬೇಕೆಂದೂ ಕೇಳುತ್ತದೆ. ಒಂದೇ ಪದದಿಂದ ಶುರುಮಾಡಿ.

(ಪರದೆ: ಯಕ್ಷಗಾನ*)

ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದಲ್ಲ, ನಕ್ಷತ್ರವಿಲ್ಲದಿದ್ದರೆ ಎಷ್ಟೋ ಕಡೆ ‘ಯಕ್ಷಗಾನದ’ ಎಂದಿರುವ ಶೀರ್ಷಿಕೆ ತಪ್ಪಿಹೋಗುತ್ತದೆ.

ದೊಡ್ಡ ತೊಡಕು ಲಿಪಿಯದು. ಅನೇಕ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕದ ದಾಖಲೆ ಇರುವುದು ಇಂಗ್ಲಿಷ್ ಅಕ್ಷರದಲ್ಲಿ. ‘ಕ್ಷ’ ಬರೆಯಲು ನಾವು ಕೆ, ಎಸ್, ಎಚ್ ಬಳಸುತ್ತೇವೆ. ವಿದೇಶದ ಗ್ರಂಥಾಲಯಗಳ ಲಿಪ್ಯಂತರದಲ್ಲಿ ಎಸ್ ಕೆಳಗೊಂದು ಚುಕ್ಕೆ ಇರುತ್ತದೆ, ಎಚ್ ಇರುವುದಿಲ್ಲ. ಆದ್ದರಿಂದ ಎಚ್ ಬಿಟ್ಟೂ ಒಮ್ಮೆ ಹುಡುಕಿ. ಊರಿನ ಹೆಸರೂ ಹಾಗೇ: ಮುಂಬೈ, ಮುಂಬಯಿ, ಬೊಂಬಾಯಿ, ಇಂಗ್ಲಿಷಿನಲ್ಲಿ ಬಾಂಬೆ. ಹೆಸರು ಬದಲಾದದ್ದು 1995ರಲ್ಲಿ. ಹಳೆಯ ಪುಸ್ತಕಗಳ ಶೀರ್ಷಿಕೆ ಬದಲಾಗಿಲ್ಲ. ಪದಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಓ, ಆರ್ ಹಾಕಿದರೆ ಎಲ್ಲವನ್ನೂ ಒಟ್ಟಿಗೆ ಹುಡುಕಬಹುದು.

(ಪರದೆ: ಒಂದು ಪುಸ್ತಕದ ಪೂರ್ತಿ ದಾಖಲೆ)

ಬೇಕಾದ ಒಂದು ಪುಸ್ತಕ ಸಿಕ್ಕಿತೇ? ಇನ್ನು ಪದ ಬದಲಿಸುತ್ತ ಕೂರಬೇಡಿ, ಆ ದಾಖಲೆಯನ್ನು ಗಮನವಿಟ್ಟು ಓದಿ. ನಮ್ಮ ಮಟ್ಟಿಗೆ ಇದೇ ಅತಿ ಮುಖ್ಯ ಹೆಜ್ಜೆ. ‘ಸಬ್ಜೆಕ್ಟ್’ ಸಾಲಿನ ಪದ ಒತ್ತಿದರೆ, ಶೀರ್ಷಿಕೆಯಲ್ಲಿ ‘ತಾಳಮದ್ದಳೆ’ ಎಂದೋ ‘ಬಯಲಾಟ’ ಎಂದೋ ಮಾತ್ರ ಇರುವ ಪುಸ್ತಕಗಳೂ ಸಿಗಬಹುದು. ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ತಿಳಿಸುವ ಕಾಲ್ ನಂಬರ್ ನೋಡಿ. ಪುಸ್ತಕಗಳನ್ನು ವಿಷಯವಾರು ಅಂಕೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ರಂಗಭೂಮಿಗೆ 792. ಪ್ರಸಂಗ ಸಂಪುಟ ಒಂದು ಕಪಾಟಿನಲ್ಲಿ, ವೇಷ, ರಂಗಕ್ರಮದ ಪುಸ್ತಕ ಇನ್ನೊಂದರಲ್ಲಿ ಇರಬಹುದು. ಎರಡೂ ಕಡೆ ಹೋಗಿ.

ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ನೋಡಿ, ಅದು ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಸಂಗ್ರಹ. ಪತ್ರಿಕೆಯೊಳಗಿನ ಲೇಖನ ಸಾಮಾನ್ಯವಾಗಿ ಕ್ಯಾಟಲಾಗಿನಲ್ಲಿ ಇರುವುದಿಲ್ಲ, ಪತ್ರಿಕೆಯ ಹೆಸರಷ್ಟೇ ಇರುತ್ತದೆ.

ಡೊಂಬಿವಲಿಯಿಂದ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿಗೆ ಹೊರಡುವ ಮುನ್ನ ಪುಸ್ತಕ ಒಳಗಿದೆಯೋ, ಯಾರಾದರೂ ಒಯ್ದಿದ್ದಾರೋ ನೋಡಿಕೊಳ್ಳಿ. ‘ರೆಫರೆನ್ಸ್’ ಎಂದಿದ್ದರೆ ಅಲ್ಲೇ ಕೂತು ಓದಬೇಕು, ಅಷ್ಟು ಸಮಯ ಇಟ್ಟುಕೊಂಡು ಹೋಗಿ. ಕಾಲ್ ನಂಬರನ್ನು ಕೊನೆಯ ಅಕ್ಷರಗಳ ಸಮೇತ ಬರೆದುಕೊಳ್ಳಿ, ಬರೀ 894.814 ಬರೆದುಕೊಂಡರೆ ಕನ್ನಡ ವಿಭಾಗದ ಕಪಾಟುಗಳನ್ನೆಲ್ಲ ಜಾಲಾಡಬೇಕಾಗುತ್ತದೆ.