90 ಅಕ್ಷರಗಳ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳ ಗಂಟಲು ನೋವು ಹೆಚ್ಚಾಗಿ ವೈರಸ್ಸಿನಿಂದ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಆದರೆ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣವಾಗಿದ್ದು ಚಿಕಿತ್ಸೆ ಸಿಗದೆ ಹೋದರೆ, ಎರಡು ಮೂರು ವಾರಗಳ ಬಳಿಕ ಕೆಲವು ಮಕ್ಕಳಿಗೆ ಜ್ವರ ಬಂದು, ಕೀಲುಗಳು ಊದಿಕೊಂಡು, ಮುಂದೆ ಹೃದಯದ ಕವಾಟಗಳೇ ಕೆಡಬಹುದು. ನಮ್ಮ ದೇಶದಲ್ಲಿ ಈ ಹೃದ್ರೋಗ ಇನ್ನೂ ಉಳಿದಿರುವುದು ನನಗೆ ಬಹಳ ನೋವಿನ ಸಂಗತಿ.

ಈ ಬ್ಯಾಕ್ಟೀರಿಯಾದ ಹೊರಮೈಯಲ್ಲಿ ರೋಮಗಳಂತೆ ಎದ್ದು ನಿಂತಿರುವ ಎಂ ಪ್ರೋಟೀನು, ಬಿಳಿ ರಕ್ತಕಣಗಳು ಅದನ್ನು ನುಂಗದಂತೆ ಕಾಯುತ್ತದೆ. ಪ್ರೋಟೀನಿನ ತುದಿ ತಳಿಯಿಂದ ತಳಿಗೆ ಬೇರೆಯಾಗಿರುವುದರಿಂದ, ಒಂದು ತಳಿಯ ವಿರುದ್ಧ ದೇಹ ಗಳಿಸಿದ ರಕ್ಷಣೆ ಇನ್ನೊಂದರ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್ 1928ರಲ್ಲಿ ಈ ಪ್ರೋಟೀನನ್ನು ವಿವರಿಸಿದರು. ಆಗ ತಳಿಗಳನ್ನು ಗುರುತಿಸುತ್ತಿದ್ದುದು ಮೊಲದ ರಕ್ತದಿಂದ ತಯಾರಿಸಿದ ಸೀರಮ್ಮಿನಿಂದ, ಅಂದರೆ ಆಯಾ ತಳಿಯನ್ನು ಗುರುತಿಸುವ ಪ್ರತಿಕಾಯಗಳಿರುವ ರಕ್ತದ ತಿಳಿದ್ರವದಿಂದ. ಸೀರಮ್ ಇಲ್ಲದ ತಳಿಗೆ ಹೆಸರೇ ಸಿಗುತ್ತಿರಲಿಲ್ಲ.

1990ರ ದಶಕದಲ್ಲಿ ಪ್ರೋಟೀನಿನ ಬದಲು ಅದರ ಜೀನನ್ನೇ ಓದುವ ಕ್ರಮ ಬಂದಿತು. ಗಂಟಲಿನಿಂದ ತೆಗೆದ ಮಾದರಿಯನ್ನು ರಕ್ತ ಬೆರೆಸಿದ ಅಗಾರ್ ತಟ್ಟೆಯಲ್ಲಿ ಬೆಳೆಸಿ, ಡಿಎನ್‌ಎ ಬೇರ್ಪಡಿಸಿ, ಇಎಂಎಂ ಎಂಬ ಈ ಜೀನನ್ನು ಪಿಸಿಆರ್ ವಿಧಾನದಿಂದ ಲಕ್ಷಾಂತರ ಪಟ್ಟು ಹೆಚ್ಚಿಸಿ, ಅದರ ಅಕ್ಷರಗಳನ್ನು, ಅಂದರೆ ಡಿಎನ್‌ಎಯಲ್ಲಿ ಸಾಲಾಗಿ ಜೋಡಿಸಿರುವ ರಾಸಾಯನಿಕ ಘಟಕಗಳನ್ನು, ಒಂದೊಂದಾಗಿ ಓದುತ್ತಾರೆ. ಎಣಿಕೆ ಎಲ್ಲಿಂದ ಶುರುವಾಗಬೇಕೆಂಬುದೇ ಇಲ್ಲಿ ಮುಖ್ಯ. ಜೀನಿನ ಮೊದಲ ಭಾಗ ಪ್ರೋಟೀನನ್ನು ಕೋಶದಿಂದ ಹೊರಗೆ ಕಳಿಸುವ ಸಂಕೇತವಷ್ಟೇ ಆಗಿದ್ದು, ಕೆಲಸ ಮುಗಿದ ಮೇಲೆ ಕತ್ತರಿಸಿ ಹೋಗುತ್ತದೆ. ಆದ್ದರಿಂದ ಅದನ್ನು ಬಿಟ್ಟು, ಆಮೇಲಿನ 90 ಅಕ್ಷರಗಳನ್ನು, ಅಂದರೆ ಪ್ರೋಟೀನಿನ ಬಿಡಿ ಘಟಕಗಳಾದ ಅಮೈನೊ ಆಮ್ಲಗಳಲ್ಲಿ 30ರಷ್ಟನ್ನು, ತಿಳಿದಿರುವ ತಳಿಗಳ ಜೊತೆ ಹೋಲಿಸುತ್ತಾರೆ. ಶೇಕಡಾ 92ರಷ್ಟಾದರೂ ಹೊಂದಿದರೆ ಅದೇ ತಳಿ. ಕೆಲವು ತಳಿಗಳಲ್ಲಿ ಪಕ್ಕದಲ್ಲೇ ಇದನ್ನು ಹೋಲುವ ಜೀನುಗಳೂ ಇರುವುದರಿಂದ, ಓದಿದ್ದು ಯಾವುದನ್ನು ಎಂದು ಪರಿಶೀಲಿಸದೆ ಹೆಸರಿಟ್ಟರೆ ತಪ್ಪಾಗುತ್ತದೆ.

ಹೀಗೆ 200ಕ್ಕೂ ಹೆಚ್ಚು ತಳಿಗಳು ಗುರುತಾಗಿವೆ. ಪೆನಿಸಿಲಿನ್‌ಗೆ ಈ ಬ್ಯಾಕ್ಟೀರಿಯಾ ಇಂದಿಗೂ ಮಣಿಯುವುದರಿಂದ, ಒಂದು ಮಗುವಿನ ಚಿಕಿತ್ಸೆಗೆ ತಳಿಯ ಹೆಸರು ಬೇಕಾಗಿಲ್ಲ. ಅದು ಬೇಕಾಗಿರುವುದು ಲಸಿಕೆಗೆ. 30 ತಳಿಗಳ ಪ್ರೋಟೀನು ತುದಿಗಳನ್ನು ಜೋಡಿಸಿದ ಒಂದು ಲಸಿಕೆ ಪ್ರಯೋಗದ ಹಂತಕ್ಕೆ ಬಂದಿದೆ, ಆದರೆ ಆ ತಳಿಗಳನ್ನು ಆರಿಸಿದ್ದು ಬಹುಮಟ್ಟಿಗೆ ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ಹೆಚ್ಚಾಗಿ ಕಂಡವುಗಳಿಂದ. ಭಾರತದಲ್ಲಿ ಯಾವ ಒಂದೆರಡು ತಳಿಗಳೂ ಮೇಲುಗೈ ಸಾಧಿಸದೆ, ಹತ್ತು ಹಲವು ತಳಿಗಳು ಹರಡಿಕೊಂಡಿವೆ. ನಮ್ಮ ಮಕ್ಕಳ ಗಂಟಲಿನಲ್ಲಿರುವ ತಳಿಗಳು ಯಾವುವೆಂದು ಇಲ್ಲಿನ ಪ್ರಯೋಗಾಲಯಗಳೇ ಓದಿ ದಾಖಲಿಸಿದರೆ ಮಾತ್ರ, ಮುಂದಿನ ಲಸಿಕೆಯಲ್ಲಿ ಅವುಗಳಿಗೂ ಸ್ಥಳ ಸಿಕ್ಕೀತು.

ನಮಸ್ಕಾರ.