ಕಣ್ಣಿನ ಗೆರೆ ಉಳಿದ ಚಿತ್ರ

ಕೇಳುಗರಿಗೆ ನಮಸ್ಕಾರ. ಕೈಗೆತ್ತಿಕೊಂಡ ಕಲಾಕೃತಿಯನ್ನು ಮುಗಿಸುವ ಹೊತ್ತಿಗೆ ನಮ್ಮೊಳಗಿನಿಂದಲೇ ಏಳುವ ತಡೆಯ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಮೈಸೂರು ಶೈಲಿಯ ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿರುವವಳು. ಈ ಶೈಲಿಯಲ್ಲಿ ಆಭರಣಗಳಿಗೂ ಸೀರೆಯ ಅಂಚಿಗೂ ಗೆಸ್ಸೊ ಎಂಬ ಅಂಟು ಬೆರೆಸಿದ ಲೇಪದಿಂದ ತೆಳುವಾದ ಉಬ್ಬು ಕೊಟ್ಟು, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಬಣ್ಣವೆಲ್ಲ ಒಣಗಿದ ಮೇಲೆ ತೆಳುಕಾಗದ ಹೊದಿಸಿ, ನುಣುಪಾದ ಕಲ್ಲಿನಿಂದ ಹಗುರವಾಗಿ ಉಜ್ಜಿ ಒಪ್ಪ ಕೊಡುತ್ತಾರೆ. ನನ್ನದೊಂದು ಸರಸ್ವತಿಯ ಚಿತ್ರ, ಕಣ್ಣಿನ ಗೆರೆ ಮತ್ತು ಒಪ್ಪ ಇವೆರಡೇ ಬಾಕಿಯಿದ್ದಾಗ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಎರಡು ವರ್ಷ ಬೀರುವಿನ ಹಿಂದೆ ನಿಂತಿತ್ತು.

ಇದನ್ನು ಸೋಮಾರಿತನವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಅದೇ ಅವಧಿಯಲ್ಲಿ ನಾನು ಬೇರೆ ಮೂರು ಚಿತ್ರಗಳನ್ನು ಹುರುಪಿನಿಂದ ಆರಂಭಿಸಿದ್ದೆ. ಮುಗಿಯದ ಚಿತ್ರ ಮನಸ್ಸಿನಲ್ಲಿ ಮೂಡಿದಷ್ಟೇ ಚೆಲುವಾಗಿ ಉಳಿದಿರುತ್ತದೆ. ಕಣ್ಣು ಬರೆದ ಕ್ಷಣ ಅದು ನನ್ನ ಕೈಗೆ ಎಟುಕಿದಷ್ಟೇ ಆಗಿಬಿಡುತ್ತದೆ. ಆ ಅಂತರವನ್ನು ನೋಡುವ ಧೈರ್ಯ ನನಗಿರಲಿಲ್ಲ.

ನಿಧಾನವನ್ನು ನಾನು ದೂರುತ್ತಿಲ್ಲ. ಕುವೆಂಪು ಅವರು 1936ರಲ್ಲಿ ಆರಂಭಿಸಿದ ‘ಶ್ರೀ ರಾಮಾಯಣ ದರ್ಶನಂ’ ಮುಗಿದದ್ದು 1946ರಲ್ಲಿ. ಅಧ್ಯಾಪನದ ಹೊಣೆಯ ನಡುವೆ ಅಷ್ಟು ಕಾಲ ಒಂದೇ ಕೃತಿಯನ್ನು ಬೆಳೆಸಿ, ಅದಕ್ಕೆ ಮುಕ್ತಾಯವನ್ನೂ ಕೊಟ್ಟವರು ನಡೆದಾಡಿದ ಊರು ಈ ಮೈಸೂರು. ನಿಧಾನವಾಗಿ ಸಾಗುವುದು ಬೇರೆ, ಪಂಚೆ ಸುತ್ತಿಡುವುದು ಬೇರೆ.

ನನ್ನ ಚಿತ್ರಕ್ಕೆ ಬಿಡುಗಡೆ ಸಿಕ್ಕಿದ್ದು ಚಿಕ್ಕಮ್ಮನಿಂದ. “ಈ ಸಲ ದಸರಾ ಗೊಂಬೆಗಳ ಜೊತೆಗೆ ನಿನ್ನ ಸರಸ್ವತೀನೂ ಇಡೋಣ, ಮೂಲಾ ನಕ್ಷತ್ರದ ಪೂಜೆಗೆ ತಂದುಕೊಡಮ್ಮ” ಎಂದರು. ಒಬ್ಬರು ಕಾಯುತ್ತಿದ್ದಾರೆ ಎಂಬುದು ನನ್ನನ್ನು ಎಬ್ಬಿಸಿತು. ಮೊದಲ ದಿನ ಪಂಚೆ ಬಿಚ್ಚಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಇಟ್ಟೆ, ಅಷ್ಟೇ. ಮರುದಿನ ಕಪ್ಪು ಕಲಸಿ ಬೇರೊಂದು ಕಾಗದದ ಮೇಲೆ ಬರೀ ರೆಪ್ಪೆಗಳನ್ನು ಬರೆದೆ. ಹೀಗೆ ದಿನಕ್ಕೆ ಅರ್ಧ ಗಂಟೆಯಂತೆ ಕುಳಿತು, ಐದನೆಯ ದಿನ ಉಸಿರು ಬಿಗಿಹಿಡಿದು ಸರಸ್ವತಿಯ ಕಣ್ಣಿಗೆ ಗೆರೆ ಎಳೆದೆ. ಎಡಗಣ್ಣಿನದು ಕೂದಲೆಳೆಯಷ್ಟು ದಪ್ಪವಾಯಿತು. ಒರೆಸಲು ಹತ್ತಿಯನ್ನು ಒದ್ದೆ ಮಾಡಿಕೊಂಡವಳು, ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದು, ಅದನ್ನು ಪಕ್ಕಕ್ಕಿಟ್ಟು ಒಪ್ಪದ ಕಲ್ಲನ್ನು ಕೈಗೆತ್ತಿಕೊಂಡೆ.

ಪೂಜೆಯ ಸಂಜೆ ದೀಪ ಹಚ್ಚಿದಾಗ ವೀಣೆಯ ಮೇಲಿನ ರೇಕು ಮಿನುಗಿತು. ಚಿಕ್ಕಮ್ಮ ಆ ಎಡಗಣ್ಣನ್ನು ಬಹಳ ಹೊತ್ತು ನೋಡಿ, ಏನನ್ನೂ ಹೇಳದೆ ಹೂವು ಏರಿಸಿದರು. ಬೀರುವಿನ ಹಿಂದೆ ಇನ್ನೂ ಮೂರು ಚಿತ್ರಗಳಿವೆ. ನಾಳೆ ಬೆಳಿಗ್ಗೆ ಅವುಗಳಲ್ಲಿ ಒಂದನ್ನು ಕಿಟಕಿಯ ಬಳಿಗೆ ತರುತ್ತೇನೆ. ನಮಸ್ಕಾರ.